ಕೆಂಪು ದೀಪದ ಹಠ

ನಾನು ಒಂದು ಚಾರ್ಜರ್. ಜೇಬಿನಲ್ಲಿ ತುರುಕಿಕೊಳ್ಳುವ ಮೊಬೈಲ್ ಚಾರ್ಜರ್ ಎಂದುಕೊಳ್ಳಬೇಡಿ. ನಾನು ಕರೆಂಟ್ ಕಾರಿಗೆ ಊಟ ಬಡಿಸುವವನು. ಒಂದು ತುದಿಯಲ್ಲಿ ಮೂರು ಪಿನ್ನಿನ ದಪ್ಪ ಪ್ಲಗ್ಗು, ಇನ್ನೊಂದು ತುದಿಯಲ್ಲಿ ಕಾರಿನ ಬಾಯಿಗೆ ಕೂರುವ ಹಿಡಿಕೆ, ನಡುವೆ ಐದು ಮೀಟರ್ ಕರಿ ಕೇಬಲ್ಲು. ಕೇಬಲ್ಲಿನಲ್ಲಿ ಇಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆಯೊಂದಿದೆ, ಅದೇ ನನ್ನ ತಲೆ. ತಲೆಯ ಮೇಲೆ ಎರಡು ದೀಪ, ಹಸಿರು ಮತ್ತು ಕೆಂಪು. ನಾನು ತಿಂದ ಬೈಗುಳವೂ ಪಡೆದ ಮರ್ಯಾದೆಯೂ ಆ ಕೆಂಪು ದೀಪದಿಂದಲೇ.

ಹುಟ್ಟಿದ ಕಾರ್ಖಾನೆಯಲ್ಲಿ ನನ್ನನ್ನು ಯಾರೂ ಮುದ್ದು ಮಾಡಲಿಲ್ಲ. ಕಾಯಿಸಿದರು, ನೀರು ಎರಚಿದರು, ಸೊಂಟದ ಎತ್ತರದಿಂದ ನೆಲಕ್ಕೆ ಕೆಡವಿದರು. ಕೊನೆಗೆ ಒಬ್ಬ ಹೆಣ್ಣುಮಗಳು ನನ್ನನ್ನು ಅರ್ತಿಂಗ್ ಇಲ್ಲದ ಸಾಕೆಟ್ಟಿಗೆ ಚುಚ್ಚಿದಳು. ಕರೆಂಟು ದಾರಿ ತಪ್ಪಿ ಹರಿದರೆ ಅದನ್ನು ನೆಲಕ್ಕೆ ಇಳಿಸುವ ತಂತಿಯೇ ಅರ್ತಿಂಗ್. ಅದಿಲ್ಲದ ಕಡೆ ಕಾರಿಗೆ ಕರೆಂಟು ಬಿಡಕೂಡದು ಎಂದು ನನ್ನ ತಲೆಯೊಳಗೆ ಬರೆದಿಟ್ಟಿದ್ದರು. ನಾನು ಕೆಂಪು ದೀಪ ಹಚ್ಚಿ ಗಪ್‌ಚುಪ್ ಕೂತೆ. ಅವಳು 'ಪಾಸ್' ಎಂಬ ಚೀಟಿ ಅಂಟಿಸಿ ಮುಂದಕ್ಕೆ ತಳ್ಳಿದಳು. ಕೆಲಸ ಮಾಡದೆ ಕೂತು ಪಾಸಾದವರು ಲೋಕದಲ್ಲಿ ಕಡಿಮೆ ಎಂದು ನನಗಾಗಲೇ ಸ್ವಲ್ಪ ಜಂಬ ಬಂದಿತ್ತು.

ಅಲ್ಲಿಂದ ದಾವಣಗೆರೆಯ ಒಂದು ಅಂಗಡಿಗೆ ಬಂದೆ. ನನ್ನ ಪಕ್ಕದಲ್ಲೇ ಇನ್ನೊಬ್ಬ ಇದ್ದ. ತೆಳ್ಳಗೆ, ಹೊಳೆಹೊಳೆಯುವ ಬಿಳಿ ಮೈ, ತೂಕವೇ ಇಲ್ಲ. ಎಂಥ ಸಾಕೆಟ್ಟಿಗೆ ಹಾಕಿದರೂ ಓಡುತ್ತದೆ ಎಂದು ಅಂಗಡಿಯವನು ಅವನನ್ನು ಹೊಗಳಿದ್ದೇ ಹೊಗಳಿದ್ದು. ಬಂದವರೆಲ್ಲ ಅವನನ್ನೇ ಎತ್ತಿ ನೋಡುತ್ತಿದ್ದರು. ನನ್ನನ್ನು ಎತ್ತಿದವರು ಭಾರಕ್ಕೆ ಮುಖ ಸಿಂಡರಿಸಿ ಕೆಳಗಿಡುತ್ತಿದ್ದರು.

ಒಂದು ದಿನ ಅನಸೂಯಮ್ಮ ಬಂದರು. ಹೊಲಿಗೆ ತರಗತಿ ನಡೆಸುವವರು, ಐವತ್ತೆರಡನೇ ವಯಸ್ಸಿಗೆ ಡ್ರೈವಿಂಗ್ ಕಲಿತು ಚಿಕ್ಕದೊಂದು ಕರೆಂಟ್ ಕಾರು ಕೊಂಡವರು. ಅವರು ಬಿಳಿಯನನ್ನು ಹಿಡಿದು, ರವಿಕೆಯ ಹೊಲಿಗೆ ಪರೀಕ್ಷಿಸುವಂತೆ ಕೇಬಲ್ಲು ಪ್ಲಗ್ಗಿಗೆ ಸೇರುವ ಜಾಗವನ್ನು ಬಗ್ಗಿಸಿ ಎಳೆದು ನೋಡಿದರು. ಒಳಗಿನ ತಂತಿ ಇಣುಕಿತು. ನನ್ನನ್ನೂ ಹಾಗೇ ಎಳೆದರು, ನಾನು ಜಗ್ಗಲಿಲ್ಲ. ಅಂಗಡಿಯವನು ಎಷ್ಟು ಬೇಗ ಚಾರ್ಜ್ ಆಗುತ್ತದೆ ಎಂದು ಶುರು ಮಾಡುತ್ತಿದ್ದಂತೆ ಅವರು ಮಧ್ಯೆ ಬಾಯಿ ಹಾಕಿದರು.

"ಅದಿರ್ಲಿ. ಇದು ಯಾವಾಗ ಕೆಲಸ ಮಾಡಲ್ಲ, ಅದನ್ನ ಹೇಳ್ರಿ."

ಅವನು ತಬ್ಬಿಬ್ಬಾಗಿ ನನ್ನ ಪುಸ್ತಕ ತೆಗೆದು ಓದಿದ. ಪ್ಲಗ್ಗು ಕಾದರೆ ನಿಲ್ಲುತ್ತದೆ, ಕರೆಂಟು ಸೋರಿದರೆ ನಿಲ್ಲುತ್ತದೆ, ಅರ್ತಿಂಗ್ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ. ಬಿಳಿಯನ ಡಬ್ಬಿಯಲ್ಲಿ ಇಂಥದೊಂದು ಸಾಲೂ ಇರಲಿಲ್ಲ. ಅನಸೂಯಮ್ಮ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು.

ಮನೆಯಲ್ಲಿ ಅವರ ಯಜಮಾನರು ಕೊಟ್ರೇಶಪ್ಪನವರಿಗೆ ನಾನು ದಂಡಪಿಂಡ. ಊರೊಳಗೆ ತರಕಾರಿ ತರುವ ಕಾರಿಗೆ ಈ ಹಾವಿನ ಸುರುಳಿ ಬೇರೆ ಯಾಕೆ ಎನ್ನುವರು. ಆಗಲೇ ಅನಸೂಯಮ್ಮನಿಗೆ ಪರಸ್ಥಳದ ಮೊದಲ ದೊಡ್ಡ ಕೆಲಸ ಸಿಕ್ಕಿತು. ರಾಯಚೂರಿನ ಶಾಲೆಯೊಂದರ ಮೂವತ್ತೆರಡು ಹುಡುಗಿಯರಿಗೆ ನೃತ್ಯ ಸ್ಪರ್ಧೆಯ ಉಡುಪು. ಹೊಲಿದದ್ದನ್ನು ತಾವೇ ಒಯ್ದು, ಪ್ರತಿ ಮಗುವಿಗೂ ತೊಡಿಸಿ, ಸಡಿಲವಿದ್ದಲ್ಲಿ ಹೊಲಿಗೆ ಹಾಕಿ ಕೊಡುವುದು ಅವರ ಪದ್ಧತಿ. ಕಾರಿನಲ್ಲೇ ಹೋಗುತ್ತೇನೆ ಎಂದರು. ಕೊಟ್ರೇಶಪ್ಪನವರು ಒಂದು ಷರತ್ತು ಹಾಕಿದರು: ಕಾರು ದಾರಿಯಲ್ಲಿ ನಿಂತರೆ ಅದನ್ನು ಮಾರಬೇಕು, ಹೊರಗಿನ ಕೆಲಸದ ಮಾತು ಮತ್ತೆ ಎತ್ತಬಾರದು. ಅನಸೂಯಮ್ಮ ಒಪ್ಪಿಕೊಂಡರು. ಡಿಕ್ಕಿಯಲ್ಲಿ ಉಡುಪಿನ ಗಂಟುಗಳ ಕೆಳಗೆ ಮಲಗಿ ನಾನು ಇದನ್ನೆಲ್ಲ ಕೇಳಿಸಿಕೊಂಡೆ.

ಒಂದೇ ಸಲಕ್ಕೆ ಅಷ್ಟು ದೂರ ಹೋಗುವ ತ್ರಾಣ ಆ ಕಾರಿಗಿರಲಿಲ್ಲ. ಕೂಡ್ಲಿಗಿ ಕಡೆಯ ಹುಲಿಗುಡ್ಡ ಎಂಬ ಊರಿನಲ್ಲಿ ಅನಸೂಯಮ್ಮನ ತಂಗಿ ನೀಲಮ್ಮನ ಮನೆಯಿತ್ತು. ಅಲ್ಲಿ ರಾತ್ರಿ ಉಳಿದು, ಬೆಳಗಾಗುವಷ್ಟರಲ್ಲಿ ಕಾರಿನ ಹೊಟ್ಟೆ ತುಂಬಿಸಿ, ಐದೂವರೆಗೆ ಹೊರಟು ಹತ್ತರೊಳಗೆ ಸೇರುವುದು ಎಂದು ಲೆಕ್ಕ. ನೀಲಮ್ಮನ ಗಂಡ ವಾಮದೇವ ಆ ಊರಿಗೇ ಹೆಸರಾದ ವೈರ್‌ಮನ್. ವೈರ್‌ಮನ್ ಮನೆಯಲ್ಲಿ ಕರೆಂಟಿಗೇನು ಬರ ಎಂದುಕೊಂಡು ನಿಶ್ಚಿಂತೆಯಿಂದ ಬಂದಿದ್ದೆವು.

ಸಂಜೆ ನಾಲ್ಕಕ್ಕೆ ನನ್ನನ್ನು ಅಂಗಳದ ಸಾಕೆಟ್ಟಿಗೆ ಹಾಕಿದರು. ನಾನು ಕೆಂಪು ದೀಪ ಹಚ್ಚಿದೆ.

ತೆಗೆದು ಹಾಕಿದರು, ಕೆಂಪು. ಪಡಸಾಲೆಯ ಸಾಕೆಟ್ಟಿಗೆ ಹಾಕಿದರು, ಕೆಂಪು. ಅಡುಗೆಮನೆಯಲ್ಲೂ ಅದೇ. ಹೊಸ ಮಾಲಿಗೆ ಹುಟ್ಟಿನಿಂದಲೇ ಏನೋ ರೋಗ ಎಂದು ವಾಮದೇವ ನನ್ನ ತಲೆಗೆ ಎರಡು ಬಾರಿ ತಟ್ಟಿದ. ಆಮೇಲೆ ಚೀಲದಿಂದ ಸಣ್ಣ ತಂತಿ ತೆಗೆದ. ಅವನ ಕಸುಬಿನವರಲ್ಲಿ ಬಹಳ ಜನರಿಗೆ ಗೊತ್ತಿರುವ ಉಪಾಯ ಅದು.

"ಅಕ್ಕಾರ, ಸಾಕೆಟ್ಟಿನಾಗ ನ್ಯೂಟ್ರಲ್ಲಿಗೂ ಅರ್ತಿಂಗಿಗೂ ಒಂದು ಲೂಪ್ ಕೊಟ್ಟುಬಿಡ್ತೀನಿ. ನಿಮ್ಮ ಡಬ್ಬಿ ಬಾಯಿ ಮುಚ್ಕೊಂಡು ಹಸಿರಾಗ್ತೈತಿ."

ನಿಜ ಹೇಳುತ್ತೇನೆ, ಆ ತಂತಿಗೆ ನಾನೂ ಮೋಸಹೋಗುತ್ತಿದ್ದೆ. ಅರ್ತಿಂಗ್ ಇದೆ ಎಂದೇ ನಂಬಿ ಕರೆಂಟು ಬಿಡುತ್ತಿದ್ದೆ. ಕರೆಂಟು ಮರಳಿ ಕಂಬಕ್ಕೆ ಹೋಗುವ ನ್ಯೂಟ್ರಲ್ ತಂತಿ ಎಲ್ಲಾದರೂ ಕಳಚಿಕೊಂಡರೆ ಆ ಲೂಪಿನ ಮೂಲಕ ಕಾರಿನ ಮೈಯೆಲ್ಲ ಕರೆಂಟಾಗುತ್ತಿತ್ತು, ಮುಟ್ಟಿದವರ ಗತಿ ಮುಗಿಯುತ್ತಿತ್ತು. ನನಗೆ ಕೂಗಿ ಹೇಳುವ ಬಾಯಿಲ್ಲ. ಇದ್ದದ್ದು ಒಂದು ಕೆಂಪು ದೀಪ, ಅದನ್ನೇ ಉರಿಸುತ್ತ ಬಿದ್ದಿದ್ದೆ.

ಅಷ್ಟರಲ್ಲಿ ಕೊಟ್ರೇಶಪ್ಪನವರ ಫೋನು ಬಂತು. ಚಾರ್ಜ್ ಹತ್ತಲಿಲ್ಲವೆಂದು ತಿಳಿದು, ಟೆಂಪೋ ಕಳಿಸಲೇ ಎಂದು ಬಹಳ ಪ್ರೀತಿಯಿಂದ ಕೇಳಿದರು. ಅನಸೂಯಮ್ಮ ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟು, ನನ್ನನ್ನೂ ವಾಮದೇವನ ಕೈಯ ತಂತಿಯನ್ನೂ ನೋಡಿದರು. ಹೂಂ ಎಂದುಬಿಡುತ್ತಾರೆ ಎಂದೇ ನಾನು ಹೆದರಿದ್ದೆ.

"ಲೂಪ್ ಕೊಡ್ರಿ ವಾಮದೇವ," ಎಂದರು. "ಆದ್ರೆ ಬೆಳಗಾಗೋ ತನಕ ನೀವು ಬರಿಗಾಲಲ್ಲಿ, ಕಾರಿನ ಮೇಲೆ ಕೈ ಇಟ್ಕೊಂಡು ನಿಲ್ಬೇಕು. ನಿಲ್ತೀರಾ?"

ವಾಮದೇವ ತಂತಿಯನ್ನು ಬೆರಳಿಗೆ ಸುತ್ತುತ್ತ ನಿಂತ.

ನೀಲಮ್ಮ ಎಲ್ಲರಿಗೂ ಮಜ್ಜಿಗೆ ಕೊಡಲು ಒಳಗೆ ಹೋದಳು. ತೆರೆದ ಬಾಗಿಲಿಂದ ಅಂಗಳಕ್ಕೆ ಫ್ರಿಜ್ಜು ಕಾಣುತ್ತಿತ್ತು; ಅದರ ಮುಂದೆ ಮರದ ಮಣೆಯೊಂದಿತ್ತು. ಅವಳು ಅದರ ಮೇಲೆ ಹತ್ತಿ, ಸೆರಗನ್ನು ಕೈಗೆ ಸುತ್ತಿಕೊಂಡು ಬಾಗಿಲು ತೆಗೆದಳು. ಇದೇನು ಮಡಿ ಎಂದು ಅನಸೂಯಮ್ಮ ಕೇಳಿದರು. ಮಡಿಯಲ್ಲ, ಮುಟ್ಟಿದರೆ ಸ್ವಲ್ಪ ಜುಂ ಅನ್ನುತ್ತದೆ, ಎರಡು ವರ್ಷದಿಂದ ಎಲ್ಲರಿಗೂ ರೂಢಿಯಾಗಿದೆ ಎಂದು ನೀಲಮ್ಮ ನಕ್ಕಳು. ಅನಸೂಯಮ್ಮ ನಗಲಿಲ್ಲ. ಟೆಸ್ಟರ್ ತರಿಸಿ ವಾಮದೇವನ ಕೈಯಲ್ಲೇ ಫ್ರಿಜ್ಜಿನ ಮೈಗೆ ಮುಟ್ಟಿಸಿದರು. ಟೆಸ್ಟರಿನ ದೀಪ ಹೊತ್ತಿಕೊಂಡಿತು. ಊರವರ ಮನೆಗೆಲ್ಲ ಕರೆಂಟು ಕೊಟ್ಟ ಮನುಷ್ಯ ತನ್ನ ಹೆಂಡತಿಯನ್ನು ಎರಡು ವರ್ಷ ಮಣೆಯ ಮೇಲೆ ನಿಲ್ಲಿಸಿದ್ದ. ಅವನ ಮುಖ ಬಿಳಿಚಿಕೊಂಡದ್ದನ್ನು ಕಂಡು ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು.

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ವಾಮದೇವನ ತಾಯಿ ಗುರುಶಾಂತಮ್ಮ ಆಗ ಬಾಯಿ ಬಿಟ್ಟರು. ಆ ಮನೆ ಒಂದು ಕಾಲಕ್ಕೆ ಹಿಟ್ಟಿನ ಗಿರಣಿಯಾಗಿತ್ತು.

"ಗಿರಣಿ ಇದ್ದಾಗ ಅರ್ತಿಂಗ್ ಪೈಪಿಗೆ ದಿನಾ ಎರಡು ಕೊಡ ನೀರು ನಾನ ಹಾಕ್ತಿದ್ದೆ. ನೀ ಬೈಕ್ ನಿಲ್ಸಾಕಂತ ಅದರ ಮ್ಯಾಲೆ ಕಲ್ಲು ಹಾಸಿದಿ. ಮೂರು ವರ್ಷ ಆತು ಅದು ನೀರು ಕುಡಿದು."

ವಾಮದೇವ ಹಾರೆ ತಂದ. ಎರಡು ಹಾಸುಗಲ್ಲು ಎಬ್ಬಿಸಿದಾಗ ಪೈಪಿನ ತುದಿ ಕಂಡಿತು. ಕರೆಂಟು ಇಳಿಯಲು ನೆಲ ಒದ್ದೆಯಿರಬೇಕು; ಸುತ್ತಲಿನ ಮಣ್ಣೋ ಬೂದಿಯಂತೆ ಒಣಗಿತ್ತು, ಪೈಪಿಗೆ ಬಿಗಿದ ತಂತಿಯ ಬೋಲ್ಟು ತುಕ್ಕು ಹಿಡಿದು ಕೈಗೇ ಕಳಚಿ ಬಂತು. ಅವನು ಮೇನ್ ಆಫ್ ಮಾಡಿ, ಪೈಪನ್ನು ಹೊಳೆಯುವ ತನಕ ಉಜ್ಜಿ, ಹೊಸ ತಂತಿ ಬಿಗಿದ. ಗುರುಶಾಂತಮ್ಮ ಉಪ್ಪು ತಂದು ಸುರಿದರು. ಅಕ್ಕತಂಗಿಯರು ಕೊಡದ ಮೇಲೆ ಕೊಡ ನೀರು ಹೊಯ್ದರು. ಮಣ್ಣು ಗುಳುಗುಳು ಎಂದು ಕುಡಿಯಿತು.

ಮೇನ್ ಆನ್ ಮಾಡಿದ ಕೂಡಲೇ ಫ್ರಿಜ್ಜಿನ ಫ್ಯೂಸು ಟಪ್ಪೆಂದು ಹೋಯಿತು. ಸೋರುತ್ತಿದ್ದ ಕರೆಂಟಿಗೆ ಕೊನೆಗೂ ನೆಲದ ದಾರಿ ಸಿಕ್ಕಿತ್ತು. ವಾಮದೇವ ಫ್ರಿಜ್ಜಿನ ಪ್ಲಗ್ಗು ಕಿತ್ತು, ಅದರ ಹಿಂಭಾಗದಲ್ಲಿ ಸುಟ್ಟು ಕರಕಲಾಗಿದ್ದ ತಂತಿಯನ್ನು ಎಲ್ಲರಿಗೂ ತೋರಿಸಿದ. ಆಮೇಲೆ ನನ್ನನ್ನು ತಾನೇ ಎತ್ತಿಕೊಂಡು ಬಂದು ಸಾಕೆಟ್ಟಿಗೆ ಹಾಕಿದ. ನಾನು ನೆಲವನ್ನು ಕೇಳಿದೆ, ನೆಲ ಓಗೊಟ್ಟಿತು. ಹಸಿರು ದೀಪ ಹಚ್ಚಿದೆ. ಕಾರಿನೊಳಕ್ಕೆ ಕರೆಂಟು ಜುಳುಜುಳು ಹರಿಯತೊಡಗಿದಾಗ ಅನಸೂಯಮ್ಮ ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಟೆಂಪೋ ಬೇಡ ಎಂದು ಫೋನು ಮಾಡಿದ್ದು ಆಮೇಲೆ.

ಮರುದಿನ ಒಂಬತ್ತೂ ಮುಕ್ಕಾಲಿಗೆ ರಾಯಚೂರು ಸೇರಿದೆವು. ಮೂವತ್ತೆರಡು ಹುಡುಗಿಯರು ಕಾರಿಗೆ ಮುತ್ತಿಗೆ ಹಾಕಿದರು. ಗಂಟು ಎತ್ತುವ ಭರದಲ್ಲಿ ಯಾರೋ ನನ್ನನ್ನು ತುಳಿದರು, ನೋವೇ ಆಗಲಿಲ್ಲ. ಬಹುಮಾನ ಎರಡನೆಯದು ಬಂತು; ಉಡುಪನ್ನು ಮಾತ್ರ ತೀರ್ಪುಗಾರರು ವೇದಿಕೆಯ ಮೇಲೆಯೇ ಹೊಗಳಿದರಂತೆ. ಕಾರು ದಾವಣಗೆರೆಯ ಮನೆ ಮುಂದೆ ನಿಂತಾಗ ಕೊಟ್ರೇಶಪ್ಪನವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮುಂದಿನ ಆರ್ಡರ್ ಯಾವೂರಿಂದು ಎಂದಷ್ಟೇ ಕೇಳಿದರು. ಸೋಲೊಪ್ಪಿಕೊಳ್ಳುವ ಅವರ ರೀತಿಯೇ ಅದು.

ಆಮೇಲೆ ಏಳು ವರ್ಷ ಊರೂರು ಸುತ್ತಿದೆವು. ಎಷ್ಟೋ ಕಡೆ ಕೆಂಪು ಹಚ್ಚಿದೆ, ಒಂದು ಕಡೆಯೂ ಅನಸೂಯಮ್ಮ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಕೊನೆಗೆ ಕಾರಿನ ಬಾಯಿಗೆ ಹಿಡಿಯುವ ನನ್ನ ಕೊಕ್ಕೆ ಮುರಿಯಿತು. ಗುಜರಿಯೇ ಗತಿ ಎಂದುಕೊಂಡಿದ್ದೆ. ವಾಮದೇವ ಬಂದು ನನ್ನನ್ನು ಕೇಳಿ ಪಡೆದುಕೊಂಡ. ಈಗ ಅವನ ಸಾಮಾನಿನ ಚೀಲದಲ್ಲಿ ನನ್ನ ವಾಸ. ಕೇಬಲ್ಲು ಸವೆದಿದೆ, ಹಸಿರು ದೀಪ ಮಂಕಾಗಿದೆ, ಕೆಂಪು ಮಾತ್ರ ಗಟ್ಟಿಯಾಗಿದೆ. ಯಾವ ಮನೆಗೆ ಹೋದರೂ ಅರ್ತಿಂಗ್ ಇದೆಯೇ ಎಂದು ತಿಳಿಯಲು ಅವನು ಮೊದಲು ನನ್ನನ್ನೇ ಸಾಕೆಟ್ಟಿಗೆ ಹಾಕುವುದು.

ಮೊನ್ನೆ ಒಂದು ಹೊಸ ಮನೆ. ಮರುದಿನ ಗೃಹಪ್ರವೇಶ, ಅಂಗಳಕ್ಕೆಲ್ಲ ಗ್ರಾನೈಟು. ನಾನು ಕೆಂಪು ಹಚ್ಚಿದೆ. ನೆಂಟರೆಲ್ಲ ಬಂದಿದ್ದಾರೆ, ನೆಲ ಅಗೆಯುವ ಹೊತ್ತಲ್ಲ, ಒಂದು ತಂತಿ ಲೂಪ್ ಕೊಟ್ಟು ನಡೆಸಿಬಿಡಪ್ಪ ಎಂದು ಯಜಮಾನ ಗೋಗರೆದ. ವಾಮದೇವ ಕೇಬಲ್ಲು ಸುತ್ತಿ ನನ್ನನ್ನು ಜತನವಾಗಿ ಕಿಟಕಿಯ ಮೇಲಿಟ್ಟು, ಚಪ್ಪಲಿ ಬಿಟ್ಟು, ಅಂಗಿಯ ತೋಳು ಮಡಿಸಿದ.

"ಹಾರೆ ತರ್ರಿ," ಎಂದ.