ಹುಳ ಬಿದ್ದ ಮರ

ಲಾಮಾರಾ ಅಂಗಳದ ಹಂಡೆಯಲ್ಲಿ ಜೋಳದ ಮುದ್ದೆ ತಿರುವುತ್ತಿದ್ದಾಗಲೇ ಗಂಡಸರು ಅವಳ ಮಾವ ಕಿರಿಲೆಯನ್ನು ಮಣ್ಣು ಮಾಡಿ ಬಂದರು. ಮುದ್ದೆಕೋಲಿನ ತುದಿಗೆ ಸುತ್ತಿದ್ದ ಬಟ್ಟೆಯನ್ನು ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಚಪ್ಪರದಡಿಯ ಉದ್ದ ಮೇಜಿಗೆ ಎಲ್ಲರೂ ಕೂತು, ಸತ್ತವನ ಪಾಲಿನ ರೊಟ್ಟಿಯ ಮೇಲೆ ವೈನ್ ಹನಿಸಿದರು. ಯಾರೂ ಲೋಟಕ್ಕೆ ಲೋಟ ತಾಗಿಸಲಿಲ್ಲ. ಹಿರಿಯ ವಾಲಿಕೋ ಎದ್ದು ನಿಂತ.

“ಗರಿಗಳ ಭಾನುವಾರದ ಹಬ್ಬಕ್ಕೆ ಮನೆಮನೆಗೂ ಹಸಿರು ಬ್ಜಾ ಕೊಂಬೆ ತಂದ್ಕೊಡ್ತಿದ್ದ ಮನುಷ್ಯ. ಊರಿನ ಮದುವೆ ಹೆಣ್ಣಿಗೆಲ್ಲ ಬ್ಜಾ ಮರದ ಬಾಚಣಿಗೆ ಕೆತ್ತಿಕೊಟ್ಟ. ಆಮೇಲೆ ಪಾಪ, ಕೂಡಿಟ್ಟಿದ್ದ ಮರಕ್ಕೆಲ್ಲ ಹುಳ ಬಿತ್ತು.”

“ಬ್ಜಾಕ್ಕೆ ಹುಳ!” ನೆರೆಮನೆಯ ಒತಿಯಾ ನಕ್ಕ. “ನೀರಿಗೆ ಹಾಕಿದ್ರೆ ಕಲ್ಲಿನ ಹಾಗೆ ಮುಳುಗೋ ಮರ. ಅದನ್ನ ತಿನ್ನೋ ಹುಳಕ್ಕೆ ಕಬ್ಬಿಣದ ಹಲ್ಲೇ ಬೇಕು. ಮುದುಕ ಬೇರೆ ಯಾವ್ದೋ ಮರ ಅಟ್ಟಕ್ಕೇರಿಸಿದ್ದ, ಅಷ್ಟೆ.”

“ಇವತ್ತೂ ಅದೇ ಮಾತೇನೋ?” ವಾಲಿಕೋ ಗದರಿದ.

“ಇದ್ದಾಗ್ಲೂ ‘ಹುಳದ ಕಿರಿಲೆ’ ಅಂತಾನೇ ಕರೀತಿದ್ದೆ. ಅವನೂ ನಗ್ತಿದ್ದ. ಬಾಚಣಿಗೆ ಇಲ್ದೇ ಗಂಡನ ಮನೆಗೆ ಹೋದೋಳು ನನ್ನ ಮಗಳಪ್ಪಾ!”

ಲಾಮಾರಾಳ ಗಂಡ ತಲೆ ತಗ್ಗಿಸಿದ. ನಿಜ ಏನೆಂದು ಅವನಿಗೂ ಗೊತ್ತಿರಲಿಲ್ಲ.

* * *

ಪೋತಿ ಬಂದರಿನಲ್ಲಿ ಸೀಮೆಎಣ್ಣೆ ಸ್ಟವ್ ಮೇಲೆ ಅಡಿಗೆ ಕಲಿತ ಸೊಸೆ ಅವಳು. ಮದುವೆಯಾದ ಮೊದಲ ಚಳಿಗಾಲ, ಒಬ್ಬಳೇ ಮನೆಯಲ್ಲಿದ್ದಳು. ಹೊರಗಿನ ಸೌದೆಯೆಲ್ಲ ನೆನೆದಿತ್ತು. ಅಟ್ಟದಲ್ಲಿ ತರಗಿನಡಿ ಒಣ ತುಂಡುಗಳು ಸಿಕ್ಕವು. ಎಷ್ಟು ಚೆನ್ನಾಗಿ ಉರಿದವು! ಅದು ಬ್ಜಾ, ಮಾವ ತನ್ನ ಮಗ ಹುಟ್ಟಿದ ವರ್ಷ ಕಡಿದು, ಬಿರುಕು ಬಿಡದಿರಲೆಂದು ಕತ್ತಲಲ್ಲಿ ಒಣಗಲಿಟ್ಟದ್ದು ಎಂದು ಅವಳಿಗೆ ಯಾರು ಹೇಳಿದ್ದರು? ಅದು ತೋಳಿನಷ್ಟು ದಪ್ಪವಾಗಲು ಮೂರು ತಲೆಮಾರು ಬೇಕೆಂದು?

ಕಿರಿಲೆ ಬಂದವನೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬರಿಗೈಯಲ್ಲಿ ಒಂದು ತುಂಡನ್ನು ಹೊರಗೆಳೆದ. ಆಮೇಲೆ ಅವಳ ಮುಖ ನೋಡಿದ.

“ಮನೆ ಬೆಚ್ಚಗಾಯ್ತು ಮಗಳೇ.”

ಮರುದಿನ ಬಾವಿಕಟ್ಟೆಯಲ್ಲಿ ಅವನ ದನಿ ಕೇಳಿಸಿತು: “ನನ್ನ ಬ್ಜಾಕ್ಕೆಲ್ಲ ಹುಳ ಬಿತ್ತು ಕಣ್ರೋ.”

ಒಲೆಯಿಂದ ಎಳೆದ ಆ ತುಂಡಿನಲ್ಲಿ ಅವಳಿಗೊಂದು ಮುದ್ದೆಕೋಲು ಕೆತ್ತಿಕೊಟ್ಟ. ಸುಟ್ಟು ಕಪ್ಪಾದ ತುದಿ ಕತ್ತರಿಸಿದರೆ ಕೋಲು ಗಿಡ್ಡವಾಗುತ್ತಿತ್ತು, ಹಾಗೇ ಬಿಟ್ಟ. ಬಟ್ಟೆ ಸುತ್ತಿದವಳು ಅವಳು. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಅವಳ ಕೂದಲು ನರೆಯಿತು.

* * *

“ಲಾಮಾರಾ, ಮುದ್ದೆ ತಾರಮ್ಮಾ!”

ಅವಳು ಬಡಿಸುತ್ತ ಬಂದಳು. ಒತಿಯಾ ಕೋಲಿನ ಕಡೆ ಕಣ್ಣು ಮಿಟುಕಿಸಿದ. “ಇದಕ್ಕೇನೂ ಹುಳ ಬಿದ್ದಿಲ್ಲ ತಾನೇ, ಅತ್ತಿಗೆ?”

ಅವಳ ಕಿವಿ ಬಿಸಿಯಾಯಿತು. ಬಟ್ಟೆಯ ಗಂಟು ಬಿಚ್ಚತೊಡಗಿದಳು. ಸುತ್ತು ಸುತ್ತಾಗಿ ಬಟ್ಟೆ ಅವಳ ಕಾಲಬುಡದಲ್ಲಿ ಬಿತ್ತು. ಮಾವನ ಪಾಲಿನ ರೊಟ್ಟಿಯ ಪಕ್ಕ, ಸುಟ್ಟ ತುದಿ ಒತಿಯಾನ ಕಡೆಗಿರುವಂತೆ ಕೋಲನ್ನು ಮಲಗಿಸಿದಳು.

ಒತಿಯಾ ಎತ್ತಿದ್ದ ಲೋಟ ಅಲ್ಲೇ ನಿಂತಿತು. ಬ್ಜಾ ಕೋಲಿನ ಹಳದಿ ಮೈಯಿಂದ ಹಬೆ ಏಳುತ್ತಿತ್ತು, ಈಗಷ್ಟೇ ಯಾರೋ ಒಲೆಯಿಂದ ಎಳೆದಂತೆ.