ಚೌಕಟ್ಟಿನಿಂದ ಜಾರಿದ ಅಡಚಣೆ ಮಾಮ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರು ಮಾತಾಡುವುದು ಕಡಿಮೆ. ಆದರೆ ಈ ಡಾಕ್ಟರ ಹತ್ತಿರ ಬರುತ್ತಿದ್ದ ವಯಸ್ಸಾದ ರೋಗಿಗಳು ದವಡೆಗೆ ಹತ್ತಿ ತುರುಕಿದ್ದರೂ ಒಂದು ಮಾತು ಹೇಳದೆ ಏಳುತ್ತಿರಲಿಲ್ಲ.

"ನಿಮ್ಮಪ್ಪ ನಮ್ಮನ್ನ ಎಷ್ಟು ನಗಿಸಿದ್ರು ಅಂತೀರಿ!"

"ಹೌದಾ? ಏನು ಹೇಳಿ ನಗಿಸ್ತಿದ್ರು?"

ಅಲ್ಲಿಗೆ ರೋಗಿಯ ಉತ್ಸಾಹ ಇಳಿಯುತ್ತಿತ್ತು. ಸೂರು ನೋಡಿ ಯೋಚಿಸುವುದು, ತಲೆ ಕೆರೆದುಕೊಳ್ಳುವುದು, ಕೊನೆಗೆ, "ಅದೇ... ಅಡಚಣೆಗಾಗಿ ಕ್ಷಮಿಸಿ ಅಂತಿದ್ರು. ಅಯ್ಯೋ, ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗೋದು!"

ಅಡಚಣೆಗಾಗಿ ಕ್ಷಮಿಸಿ ಎಂಬ ಮಾತಿನಲ್ಲಿ ಹೊಟ್ಟೆ ಹುಣ್ಣಾಗುವಂಥದ್ದು ಏನಿದೆಯೆಂದು ಡಾಕ್ಟರಾದ ಮಗಳಿಗೆ ತಲೆ ಹಣ್ಣಾಗುವ ಕಾಲಕ್ಕೂ ತಿಳಿದಿರಲಿಲ್ಲ.

ಅವಳಿಗೆ ಗೊತ್ತಿದ್ದದ್ದು ಇಷ್ಟು. ಟೀವಿ ಹೊಸದಾಗಿ ಬಂದ ಕಾಲ. ಕೇಂದ್ರಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಮೊದಲು ಬಸ್ಸು ತೊಳೆಯುತ್ತಿದ್ದ ಶೆಡ್ಡಿಗೆ ಪರದೆ ಕಟ್ಟಿ ಅದನ್ನೇ ಸ್ಟುಡಿಯೊ ಅನ್ನುತ್ತಿದ್ದರು. ತೋರಿಸುತ್ತಿದ್ದ ಸಿನಿಮಾ ರೀಲುಗಳು ಹಳೆಯವು, ಮಾತುಮಾತಿಗೆ ತುಂಡಾಗುತ್ತಿದ್ದವು. ಒಳಗೆ ಒಬ್ಬ ರೀಲು ಅಂಟಿಸುವ ತನಕ ಪರದೆ ಖಾಲಿ ಬಿಡುವಂತಿಲ್ಲವಲ್ಲ, ಹಾಗಾಗಿ ಕ್ಯಾಮೆರಾದ ಮುಂದೆ ಕೂತು ಕ್ಷಮೆ ಕೇಳಲಿಕ್ಕೆಂದೇ ಒಬ್ಬ ನೌಕರನನ್ನು ಇಟ್ಟುಕೊಂಡರು. ಅವನೇ ಅಪ್ಪ. ಜನ ಅವನಿಗೆ ಅಡಚಣೆ ಮಾಮ ಎಂದು ಹೆಸರಿಟ್ಟರು. ಸಿನಿಮಾ ಚೆನ್ನಾಗಿಯೇ ಓಡುತ್ತಿದ್ದರೆ "ಇದು ತುಂಡಾಗೋದು ಯಾವಾಗ" ಎಂದು ಗೊಣಗುವವರೂ ಇದ್ದರಂತೆ.

ಆಮೇಲೆ ಕೇಂದ್ರಕ್ಕೆ ಹೊಸ ಕಟ್ಟಡವಾಯಿತು, ಹೊಸ ಯಂತ್ರಗಳು ಬಂದವು, ರೀಲು ತುಂಡಾಗುವುದು ನಿಂತಿತು. ಕ್ಷಮೆ ಕೇಳುವ ಕಾರಣವೇ ಇಲ್ಲದ ಮೇಲೆ ಕೇಳುವವನು ಯಾಕೆ? ಅಪ್ಪನನ್ನು ಉಗ್ರಾಣಕ್ಕೆ ಹಾಕಿದರು. ಮಗಳು ಹುಟ್ಟಿದ್ದು ಅದಾದ ಮೇಲೆ. ಅವಳು ಕಂಡ ಅಪ್ಪ ಸ್ಟುಡಿಯೊ ದೀಪಗಳ ಬಲ್ಬು ಕೊಟ್ಟು, ಸುಟ್ಟ ಬಲ್ಬು ವಾಪಸು ಪಡೆದು, ಸಂಜೆ ಹೊತ್ತಿಗೆ ಮನೆ ಸೇರಿ, ಪತ್ರಿಕೆಯನ್ನು ಮುಖದ ಮೇಲೆ ಮುಚ್ಚಿಕೊಂಡು ನಿದ್ದೆ ಹೋಗುವ ಮನುಷ್ಯ. ನೆಂಟರು ಬಂದು "ಏನಾದ್ರೂ ತಮಾಷೆ ಮಾಡೋ" ಎಂದರೆ ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದವನು ಕಾಫಿ ಆರುವವರೆಗೂ ಬರುತ್ತಿರಲಿಲ್ಲ. ಅವಳ ಓದು ಮುಗಿಯುವ ಮೊದಲೇ ತೀರಿಕೊಂಡ. ಅವನ ಕಾರ್ಯಕ್ರಮಗಳ ಟೇಪುಗಳನ್ನು ಕೇಂದ್ರದವರು ಅಳಿಸಿ, ಅವುಗಳ ಮೇಲೆ ಫುಟ್ಬಾಲ್ ಪಂದ್ಯಗಳನ್ನು ತುಂಬಿದ್ದರು. ಟೇಪು ದುಬಾರಿಯಾಗಿದ್ದ ಆ ದಿನಗಳಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ಅದು.

ಹೀಗಾಗಿ ಅಡಚಣೆ ಮಾಮನ ಕೀರ್ತಿಗೆ ಸಾಕ್ಷಿ ಎಂದರೆ ಬಾಯಿಮಾತು ಮಾತ್ರ. ಹೇಳುವವರೋ, ಡಾಕ್ಟರ ಮುಂದೆ ಬಾಯಿ ತೆರೆದು ಕೂತವರು. ಕೈಯಲ್ಲಿ ಡ್ರಿಲ್ಲು ಹಿಡಿದವಳ ಅಪ್ಪನನ್ನು ಹೊಗಳದೆ ಇರುತ್ತಾರೆಯೇ? ಆಗಿನವರು ಟೀವಿಯಲ್ಲಿ ಬರೀ ಚುಕ್ಕಿ ಕುಣಿದರೂ ಕಣ್ಣರಳಿಸಿ ನೋಡುತ್ತಿದ್ದರು, ಬಹುಶಃ ಹಾಗೆಯೇ ನಕ್ಕಿರಬೇಕು. ಹೀಗೊಂದು ಅನುಮಾನ ಅವಳೊಳಗೆ ಬೇರು ಬಿಟ್ಟಿತ್ತು. ಅವಳ ಕಾಲೇಜು ಓದುವ ಮಗಳು ಒಮ್ಮೆ ಅದನ್ನೇ ನೇರವಾಗಿ ಆಡಿದ್ದಳು: "ತಾತ ಬರೀ ಕ್ಷಮೆ ಕೇಳಿ ಫೇಮಸ್ ಆದ್ರಾ ಅಮ್ಮಾ? ನಾನು ನಿನ್ನ ಹತ್ರ ದಿನಾ ಕೇಳ್ತೀನಿ, ನೀನು ಒಂದಿನಾನೂ ನಕ್ಕಿಲ್ಲ."

ಇಂಥ ಹೊತ್ತಿನಲ್ಲಿ ಟೀವಿ ಕೇಂದ್ರದಿಂದ ಫೋನು ಬಂತು. ಕೇಂದ್ರದ ವಾರ್ಷಿಕೋತ್ಸವಕ್ಕೆ ಹಳೆಯದನ್ನೆಲ್ಲ ಹುಡುಕುವಾಗ ಅಡಚಣೆ ಮಾಮನ ಒಂದು ತುಣುಕು ಸಿಕ್ಕಿದೆ, ನಾಡಿದ್ದು ಪ್ರಸಾರ, ಅದಕ್ಕೆ ಮೊದಲು ಮನೆಯವರು ನೋಡಬೇಕು ಎಂದರು. ಸಿಕ್ಕಿದ್ದೆಲ್ಲಿ ಎಂದು ಕೇಳಿದಳು. ಆ ಕಡೆಯವನು ಸ್ವಲ್ಪ ತಡವರಿಸಿದ.

"ಟ್ರೈನಿಂಗ್ ವಿಭಾಗದಲ್ಲಿ, ಮೇಡಂ. ಹೊಸ ಕ್ಯಾಮೆರಾದವರಿಗೆ ಪಾಠ ಮಾಡೋಕೆ ಇಟ್ಕೊಂಡಿದ್ರು. 'ಕ್ಯಾಮೆರಾ ಹೀಗೆ ಓಡಿಸಬಾರದು' ಅನ್ನೋ ಪಾಠ."

ಬೆಳಿಗ್ಗೆ ಕ್ಲಿನಿಕ್ಕಿಗೆ ರಜೆ ಹೇಳಿ ಹೊರಟಾಗ ಸೋದರತ್ತೆ ತಾನಾಗಿಯೇ ಕಾರಿನಲ್ಲಿ ಕೂತಿದ್ದಳು. ಅಪ್ಪನ ಕೊನೆಯ ತಂಗಿ. ಮೊಣಕಾಲು ಸವೆದಿದ್ದರೂ ನಾಲಿಗೆ ಸವೆದಿರಲಿಲ್ಲ. ಗೇಟಿನಲ್ಲಿ ಕಾವಲಿನವನು ಗುರುತಿನ ಚೀಟಿ ಕೇಳಿದ.

"ನಮ್ಮಣ್ಣನ್ನ ನೋಡೋಕೆ ನನಗೇ ಚೀಟಿಯಾ? ಅವನ ಮುಖ ನೋಡು, ನನ್ನ ಮುಖ ನೋಡು. ಅದೇ ಮೂಗು!"

"ನಿಮ್ಮಣ್ಣ ಯಾವ ಸೆಕ್ಷನ್ನು?" ಎಂದ ಕಾವಲಿನವನು.

ಎಡಿಟಿಂಗ್ ಕೋಣೆಯಲ್ಲಿ ಕಿಟಕಿ ಇರಲಿಲ್ಲ, ಚಳಿ ಇತ್ತು. ಮೇಜಿನ ಮೇಲೆ ಖಾಲಿ ಕಾಗದದ ಲೋಟಗಳು ಒಂದರೊಳಗೊಂದು ಕೂತು ಗೋಪುರವಾಗಿದ್ದವು. ಗಡ್ಡದ ಎಡಿಟರ್ ಎದ್ದು ನಿಂತು ಇಬ್ಬರಿಗೂ ಕುರ್ಚಿ ಕೊಟ್ಟ. ತುಣುಕನ್ನು ಸರಿಮಾಡಲು ವಾರಪೂರ್ತಿ ಕೂತಿದ್ದನಂತೆ. "ಗೀರು, ಧೂಳು ಎಲ್ಲ ತೆಗ್ದಿದೀನಿ. ನಿನ್ನೆ ತೆಗೆದ ಹಾಗಿದೆ, ನೋಡಿ."

ನಿಜ, ಹಾಗೆಯೇ ಇತ್ತು. ಟೈ ಕಟ್ಟಿದ ಎಳೆಯ ಅಪ್ಪ ಪರದೆಯ ನಟ್ಟನಡುವೆ ಕೂತಿದ್ದ. ಮುಖದಲ್ಲಿ ಯಾರೋ ದೊಡ್ಡವರು ತೀರಿಕೊಂಡಂಥ ಗಾಂಭೀರ್ಯ. "ಪ್ರಸಾರವಾಗುತ್ತಿದ್ದ ಚಿತ್ರ ತುಂಡಾಗಿದೆ. ಅಡಚಣೆಗಾಗಿ ಕ್ಷಮಿಸಿ. ಅಂಟಿಸುವ ಕೆಲಸ ನಡೆದಿದೆ. ದಯವಿಟ್ಟು ಯಾರೂ ಎಲ್ಲಿಗೂ ಹೋಗಬೇಡಿ. ನಾನೂ ಇಲ್ಲಿಯೇ ಇರುತ್ತೇನೆ." ಅಷ್ಟೇ. ತುಣುಕು ಮುಗಿಯಿತು.

ಎಡಿಟರ್ ಅತಿಥಿಗಳಿಗಾಗಿ ಮೆಲ್ಲಗೆ ನಕ್ಕ. ಮಗಳೂ ಅವನಿಗಾಗಿ ನಕ್ಕಳು. ಅಂದರೆ ತನ್ನ ಅನುಮಾನವೇ ಸರಿ. ನಾಳೆ ಇದನ್ನು ಊರೆಲ್ಲ ನೋಡುತ್ತದೆ, ಇಷ್ಟೇನಾ ಅನ್ನುತ್ತದೆ. ಅಲ್ಲಿಗೆ ಬಾಯಿಮಾತಿನ ಕೀರ್ತಿಯೂ ಮುಗಿಯುತ್ತದೆ.

"ಇದೇನಿದು? ಇವನು ಹೋಗ್ತಾನೇ ಇಲ್ವಲ್ಲ!" ಎಂದಳು ಅತ್ತೆ.

"ಎಲ್ಲಿಗೆ ಹೋಗ್ಬೇಕು ಅಜ್ಜಿ?"

"ಅಜ್ಜಿ ಅನ್ನಬೇಡ, ಗಡ್ಡ ನಿನಗೇ ನೆರೆತಿದೆ. ಎಲ್ಲಿಗೆ ಅಂದ್ರೆ? ಆಚೆಗೆ! ಟೀವಿಯಿಂದ ಆಚೆಗೆ! ಅವನು ಒಂದು ಕಡೆ ಕೂತಿದ್ದನ್ನ ನಾನು ನೋಡೇ ಇಲ್ಲ. ಕುರ್ಚಿಗೆ ಗಾಲಿ ಇತ್ತು ಕಣೋ. ಬಸ್ಸು ತೊಳೆದ ನೀರು ಹರಿದು ಹೋಗ್ಲಿ ಅಂತ ಆ ಶೆಡ್ಡಿನ ನೆಲಾನ ಓರೆ ಮಾಡಿದ್ರು. ಮೊದಲನೇ ಸಲ ತಾನಾಗೇ ಜಾರಿದ. ಆಮೇಲೆ ಬೇಕಂತಲೇ ಬ್ರೇಕು ಬಿಡೋನು."

ಎಡಿಟರ್ ತನ್ನ ಹಣೆಗೆ ತಾನೇ ಹೊಡೆದುಕೊಂಡ.

"ಅಯ್ಯೋ ಮೇಡಂ, ಅದು ನನ್ನದೇ ಕೆಲಸ. ಒಂದು ಸಾಫ್ಟ್‌ವೇರ್ ಇದೆ, ಮುಖ ಹಿಡ್ಕೊಂಡು ನಡುವೆ ನಿಲ್ಲಿಸುತ್ತೆ. ಪಾಠದ ಹೆಸರು ನೋಡಿ, ಕ್ಯಾಮೆರಾದವನಿಗೆ ಕೈ ಕುದುರಿಲ್ಲ ಅಂದ್ಕೊಂಡು ಅಲುಗಾಟ ಪೂರ್ತಿ ತೆಗೆದೆ. ನಡುನಡುವೆ ಬರೀ ಗೋಡೆ ಕಾಣ್ತಿತ್ತು, ಅದನ್ನೂ ಕತ್ತರಿಸಿ ದನಿ ಮೇಲೆ ಮುಖದ ಚಿತ್ರಾನೇ ಕೂರಿಸಿದೆ. ಮೂಲ ಇದೆ, ಹಾಗೇ ಇದೆ. ಆದ್ರೆ..."

"ಆದ್ರೆ?"

"ಮೂಲ ಪ್ರಸಾರಕ್ಕೆ ಹೋಗಲ್ಲ. ಚಿತ್ರ ಇಷ್ಟು ಅಲುಗಾಡಿದ್ರೆ ಯಂತ್ರಾನೇ ವಾಪಸು ಕಳಿಸುತ್ತೆ. ಬಿಡಬೇಕು ಅಂದ್ರೆ ಗುಣಮಟ್ಟ ಪರೀಕ್ಷಿಸೋ ಮೇಡಂ ಕೂತು ನೋಡಿ ಒಪ್ಪಬೇಕು. ಅವರು ನಮ್ಮ ನಿರ್ದೇಶಕರ ಭಾಷಣಾನೇ ವಾಪಸು ಕಳಿಸಿದ್ರು, ಕೋಟಿನ ಗೆರೆ ಮಿಣುಗುತ್ತೆ ಅಂತ."

ಅವನು ಮೂಲವನ್ನು ಹಾಕಲು ಹೊರಟ. ಮಗಳು ತಡೆದಳು.

"ಬೇಡ. ಅವರ ಜೊತೆಗೇ ನೋಡ್ತೀನಿ. ನಾವು ಯಾರು ಅಂತ ಮಾತ್ರ ಹೇಳಬೇಡಿ."

"ಹೇಳಿದ್ರೆ ಅನುಕೂಲ ಅಲ್ವಾ ಮೇಡಂ? ಮನೆಯವರು ಅಂದ್ರೆ ಸ್ವಲ್ಪ ಕರಗ್ತಾರೆ."

"ಅದೇ ಬೇಡ ಅಂತಿರೋದು." ಮುಖದಾಕ್ಷಿಣ್ಯಕ್ಕೆ ನಕ್ಕವರನ್ನು ಅವಳು ಜೀವಮಾನವಿಡೀ ನೋಡಿದ್ದಳು. ಅಪ್ಪನ ಹಂಗಿಲ್ಲದ, ಅವನ ಹೆಸರೇ ಕೇಳದ ಒಬ್ಬರು ನಗಬೇಕಿತ್ತು. ಇಲ್ಲವೇ ನಗದೆ ಇರಬೇಕಿತ್ತು. ಯಾವುದಾದರೂ ಒಂದು ಇತ್ಯರ್ಥವಾಗಲಿ. "ಅತ್ತೇ, ಅಲ್ಲಿ ನೀವು ಬಾಯಿಗೆ ಬೀಗ ಹಾಕ್ಕೋಬೇಕು."

"ಹಾಕ್ಕೋತೀನಿ ಬಿಡೇ. ನಾನೇನು ಮಾತಾಡ್ತೀನಾ?" ಎಂದಳು ಅತ್ತೆ, ಮೆಟ್ಟಿಲು ಹತ್ತುವ ಉದ್ದಕ್ಕೂ.

ಗುಣಮಟ್ಟದ ಮೇಡಂ ಕೋಣೆಯಲ್ಲಿ ಇದ್ದದ್ದೆಲ್ಲ ಸಾಲಾಗಿತ್ತು: ಪೆನ್ನುಗಳು, ಕನ್ನಡಕದ ಡಬ್ಬಿಗಳು, ಗೋಡೆಯ ಮೇಲಿನ ಪರದೆಗಳು. ನಲವತ್ತರ ಆಸುಪಾಸಿನ ಹೆಂಗಸು. ಎಡಿಟರ್ "ಇವರು ನಮ್ಮ ಅತಿಥಿಗಳು" ಎಂದಾಗ ತಲೆಯನ್ನು ಬೆರಳಿನಷ್ಟು ಆಡಿಸಿದಳು.

"ಯಾರು ಈ ವ್ಯಕ್ತಿ?"

"ಮೊದಮೊದಲ ಕಾಲದ ಹಾಸ್ಯಗಾರರು ಮೇಡಂ. ನೀವು ನೋಡಿರಲ್ಲ."

"ಅಲುಗಾಟ ಮಿತಿ ಮೀರಿದೆ. ಯಾಕೆ ಬಿಡಬೇಕು?"

"ಒಂದ್ಸಲ ನೋಡಿಬಿಡಿ."

ಮೇಡಂ ಗುಂಡಿ ಒತ್ತಿದಳು. ಮಗಳು ಪರದೆಗೂ ಅವಳ ಮುಖಕ್ಕೂ ನಡುವೆ ಕಣ್ಣು ಹಂಚಿಕೊಂಡು ಕೂತಳು.

ಅದೇ ಅಪ್ಪ, ಅದೇ ಟೈ, ಅದೇ ಸಾವಿನ ಮನೆಯ ಮುಖ. "ಪ್ರಸಾರವಾಗುತ್ತಿದ್ದ ಚಿತ್ರ ತುಂಡಾಗಿದೆ" ಎನ್ನುವಷ್ಟರಲ್ಲಿ ಅವನ ಎಡ ಭುಜ ಚೌಕಟ್ಟಿನ ಅಂಚು ಮುಟ್ಟಿತ್ತು. "ಅಡಚಣೆಗಾಗಿ" ಎಂಬಲ್ಲಿ ಅರ್ಧ ಮುಖ ಉಳಿದಿತ್ತು. "ಕ್ಷಮಿಸಿ" ಬಂದದ್ದು ಖಾಲಿ ಗೋಡೆಯಿಂದ. ಭಾರದ ಕ್ಯಾಮೆರಾ ಗಡಗಡ ಸದ್ದು ಮಾಡುತ್ತ ಅವನ ಹಿಂದೆ ಓಡಿತು, ಹಿಡಿಯಿತು. ಹಿಡಿದ ಕ್ಷಣವೇ ಅವನು ಕಾಲಿನಿಂದ ನೆಲ ಒದ್ದು ಈ ಕಡೆಗೆ ಜಾರಿದ. ನಿಲ್ಲಿಸಲಾಗದ ಕ್ಯಾಮೆರಾ ಅವನನ್ನು ದಾಟಿ ಮುಂದೆ ಹೋಗಿ ಒಂದು ಬಕೆಟ್ಟನ್ನೂ ಪೊರಕೆಯನ್ನೂ ತೋರಿಸಿತು. ಪೊರಕೆಯ ಮೇಲೆ ಅಪ್ಪನ ದನಿ, ಒಂದಿಷ್ಟೂ ತಗ್ಗದ ಗಾಂಭೀರ್ಯದಲ್ಲಿ: "ದಯವಿಟ್ಟು ಯಾರೂ ಎಲ್ಲಿಗೂ ಹೋಗಬೇಡಿ."

ಮೇಡಂ ಮುಖದಲ್ಲಿ ಏನೂ ಇರಲಿಲ್ಲ. ಆದರೆ ಅವಳ ತಲೆ ಎಡಕ್ಕೆ ವಾಲಿತ್ತು. ಆಮೇಲೆ ಭುಜವೂ ವಾಲಿತು. ಚೌಕಟ್ಟಿನ ಆಚೆ ಹೋದ ಮನುಷ್ಯನನ್ನು ಹುಡುಕಿಕೊಂಡು ಅವಳು, ಇಷ್ಟು ವರ್ಷ ಚೌಕಟ್ಟುಗಳನ್ನೇ ಅಳೆದವಳು, ಕುರ್ಚಿಯ ಅಂಚಿನವರೆಗೂ ಬಾಗಿಬಿಟ್ಟಿದ್ದಳು.

ಕ್ಯಾಮೆರಾ ನಡುಗತೊಡಗಿತು. ಹಿಂದೆ ನಿಂತವನಿಗೆ ನಗು ತಡೆಯಲಾಗಿರಲಿಲ್ಲ. ನಡುಗುವ ಚೌಕಟ್ಟಿನೊಳಕ್ಕೆ ಬಲಗಡೆಯಿಂದ ಅಪ್ಪ ಹಿಮ್ಮುಖವಾಗಿ, ಬೆನ್ನು ತೋರಿಸುತ್ತ ತೇಲಿ ಬಂದ. ತಾನು ಎತ್ತ ತಿರುಗಿದ್ದೇನೆಂಬ ಗೊಡವೆಯೇ ಇಲ್ಲದೆ ಗೋಡೆಗೆ ಕೈಮುಗಿದು, "ನಾನೂ ಇಲ್ಲಿಯೇ ಇರುತ್ತೇನೆ" ಎಂದು ಆ ಕಡೆಯಿಂದ ಹೊರಟುಹೋದ.

ಮೇಡಂ ನಕ್ಕಳು. ಮೊದಲು ಮೂಗಿನಲ್ಲಿ ಒಂದು ಸದ್ದಾಯಿತು, ತಡೆಯಲು ಕೈ ಎತ್ತಿದಳು, ಕೈ ಬಾಯಿ ತಲುಪುವುದರೊಳಗೆ ಕೆಲಸ ಕೆಟ್ಟಿತ್ತು. ಉಪಚಾರದ ನಗೆಯಲ್ಲಿ ಮುಂದಿನ ಹಲ್ಲುಗಳು ಮಾತ್ರ ಕಾಣುತ್ತವೆ; ಇದು ಮಗಳ ವೃತ್ತಿಯ ಲೆಕ್ಕ. ಈ ನಗೆಯಲ್ಲಿ ಕೆಳಗಿನ ಕೊನೆಯ ದವಡೆ ಹಲ್ಲು, ಅದರ ಹಳೆಯ ಬೆಳ್ಳಿಯ ತುಂಬುವಿಕೆ, ಅದರ ಪಕ್ಕದಲ್ಲಿ ಬೇಗನೆ ನೋಡಿಸಬೇಕಾದ ಇನ್ನೊಂದು, ಎಲ್ಲವೂ ಕಂಡವು. ತನ್ನ ಹಲ್ಲುಗಳೂ ಅಷ್ಟೇ ಕಾಣುತ್ತಿವೆ ಎಂಬುದು ಮಗಳಿಗೆ ಆಮೇಲೆ ತಿಳಿಯಿತು.

"ಇನ್ನೊಂದ್ಸಲ," ಎಂದು ಮೇಡಂ ತಾನೇ ಗುಂಡಿ ಒತ್ತಿದಳು. ಅದೂ ಮುಗಿದ ಮೇಲೆ ಕನ್ನಡಕ ಒರೆಸಿಕೊಳ್ಳುತ್ತ ಕೆಲಸಕ್ಕೆ ಇಳಿದಳು. "ಬಿಡೋಣ. ಆದ್ರೆ ಅಲುಗಾಟಕ್ಕೆ ಕಾರಣ ಕೊಡಬೇಕು. ಕಂಪ್ಯೂಟರಿನ ಪಟ್ಟಿಯಲ್ಲಿ ಇರೋದು ಮೂರೇ. ಭೂಕಂಪ, ಗಲಭೆ, ಚಲಿಸುವ ವಾಹನ."

"ಭೂಕಂಪ ಹಾಕಿ ಮೇಡಂ," ಎಂದ ಎಡಿಟರ್.

"ಸುಳ್ಳು ಹಾಕೋಕಾಗಲ್ಲ. ಕುರ್ಚಿಗೆ ಗಾಲಿ ಇದೆಯಾ?"

"ಇತ್ತು," ಎಂದಳು ಅತ್ತೆ, ಬೀಗ ಮುರಿದು. "ಕ್ಯಾಮೆರಾಗೂ ಇತ್ತು."

"ಹಾಗಾದ್ರೆ ಎರಡು ವಾಹನ." ಮೇಡಂ ಪಟ್ಟಿಯ ಮೂರನೆಯದನ್ನು ಒತ್ತಿದಳು. "ಇದರ ಮುಂದಿನದು ಎಲ್ಲಿ? ಬೇರೆ ದಿನಗಳದ್ದು?"

"ಇಲ್ಲ ಮೇಡಂ. ಎಲ್ಲ ಅಳಿಸಿ ಫುಟ್ಬಾಲ್ ತುಂಬಿದ್ರು."

"ಅಳಿಸಿದ್ರಾ?" ನಗು ಆರಿರದ ಮುಖದಲ್ಲೇ ಸಿಟ್ಟು ಏರಿತು. "ಅದನ್ನ ಯಾರ್ರೀ ಒಪ್ಪಿದ್ದು? ಯಾರು ಪಾಸ್ ಮಾಡಿದ್ದು?"

ಅರ್ಧ ಶತಮಾನದಲ್ಲಿ ಆ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳಿದವಳು ಇವಳೊಬ್ಬಳೇ ಇರಬೇಕು. ಮಗಳು ಎದ್ದು ಕೈಚೀಲ ಹೆಗಲಿಗೇರಿಸಿಕೊಂಡಳು.

"ಅವರು ನಮ್ಮಪ್ಪ," ಎಂದಳು.

ಮೇಡಂ ಒಮ್ಮೆ ಅವಳನ್ನೂ, ಒಮ್ಮೆ ಅತ್ತೆಯ ಮೂಗನ್ನೂ ನೋಡಿದಳು. ಕಿವಿಯವರೆಗೂ ಕೆಂಪಾದಳು.

"ಛೆ, ಮೊದಲೇ ಹೇಳಬಾರದಾ? ಗೊತ್ತಿದ್ದಿದ್ರೆ ನಿಮ್ಮೆದುರಿಗೆ ಹೀಗೆಲ್ಲ ನಗ್ತಿರಲಿಲ್ಲ."

"ಅದಕ್ಕೇ ಹೇಳಲಿಲ್ಲ," ಎಂದಳು ಮಗಳು.