ಹಳೇ ಬಳ್ಳಿಯ ವೈನು

ಸೊಲ್ಲಾಪುರ ಸ್ಟೇಷನ್ನಿನಲ್ಲಿ ರೈಲು ನಿಂತದ್ದು ಐದೇ ನಿಮಿಷ. ಆಶಿಷ ಬೋಗಿಯ ಬಾಗಿಲಲ್ಲಿ ನಿಂತುಕೊಂಡೇ, ಟವೆಲ್ಲಿನಲ್ಲಿ ಸುತ್ತಿದ್ದ ಬಾಟಲಿಯೊಂದನ್ನು ಶ್ರೀಲೇಖಾಳ ಕೈಗಿಟ್ಟ. ಅವಳು ಹಿಂದೆ ಕೆಲಸ ಮಾಡುತ್ತಿದ್ದ ವೈನು ಕಂಪನಿಯವನು, ಊರು ನಾಸಿಕ, ಆಡುವುದು ಮರಾಠಿ. ನೀವು ಬಿಟ್ಟುಹೋಗುವ ಮೊದಲು ಕೊನೆಯದಾಗಿ ಕೂಡಿಸಿದ ವೈನು ಇದು, ಮೇಡಂ, ಈಗ ಮಾರಾಟಕ್ಕೆ ಬಿಡಬೇಕೋ ಇನ್ನೊಂದು ವರ್ಷ ತಡೆಯಬೇಕೋ ನಮಗೆ ತಿಳಿಯುತ್ತಿಲ್ಲ, ರುಚಿ ನೋಡಿ ಹೇಳಿ ಎಂದ. ಅವಳು "ಹೋ, ಸಾಂಗತೇ" ಎಂದಳು. ಹೇಳುತ್ತೇನೆ ಎಂದು ಒಪ್ಪಿಕೊಂಡ ಮೇಲೆ, ರೈಲು ಹೈದರಾಬಾದಿನ ಕಡೆ ಹೊರಟುಹೋದ ಮೇಲೆ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತಳು.

ಶ್ರೀಲೇಖಾಳಿಗೆ ವಾಸನೆ ಹೋಗಿ ನಾಲ್ಕು ವರ್ಷವಾಗಿತ್ತು. ಕೊರೋನಾ ಜ್ವರ ಹದಿನೈದು ದಿನದಲ್ಲಿ ಬಿಟ್ಟಿತು, ಮೂಗು ಮಾತ್ರ ತಿರುಗಿ ಬರಲಿಲ್ಲ. ಅದಕ್ಕೂ ಮೊದಲು ಹದಿನೆಂಟು ವರ್ಷ ಅವಳು ಹಿಮಾಚಲದ ಎತ್ತರದ ಕಣಿವೆಯೊಂದರಲ್ಲಿ ವೈನು ಪರೀಕ್ಷಿಸುವ ಕೆಲಸದಲ್ಲಿದ್ದಳು. ಅಲ್ಲಿ ಏಪ್ರಿಲ್ಲಿನಲ್ಲೂ ಬೆಳಗಿನ ನೀರು ಕೈ ಕಡಿಯುತ್ತಿತ್ತು. ತೊಡೆಯಷ್ಟು ದಪ್ಪ ಬುಡದ, ಎಂಬತ್ತು ವರ್ಷ ದಾಟಿದ ದ್ರಾಕ್ಷಿಬಳ್ಳಿಗಳು. ಬಿಡುತ್ತಿದ್ದದ್ದು ಬೆರಳೆಣಿಕೆಯ ಗೊಂಚಲು, ಕಾಳು ಕಡಲೆಗಿಂತ ತುಸು ದೊಡ್ಡವು. ಕೆಂಪು ರಸ ತೆಳ್ಳಗೆ, ತಿಳಿಯಾಗಿ ಇಳಿಯುತ್ತಿತ್ತು. ಯಾವ ಪೀಪಾಯಿಯದನ್ನು ಯಾವುದರೊಂದಿಗೆ ಎಷ್ಟು ಕೂಡಿಸಬೇಕೆಂದು ಅವಳ ಮೂಗು ಹೇಳುತ್ತಿತ್ತು. ಮೂಗು ಹೋಯಿತೆಂದು ಅಲ್ಲಿ ಯಾರಿಗೂ ಹೇಳಲಿಲ್ಲ. ಮನೆಯವರಿಗೆ ನನ್ನ ಅಗತ್ಯವಿದೆ ಎಂದು ಬರೆದುಕೊಟ್ಟು, ತಮ್ಮ ದಾಮೋದರನ ಮನೆಗೆ ಬಂದುಬಿಟ್ಟಳು.

ದಾಮೋದರ ಕೋರ್ಟಿನಲ್ಲಿ ಗುಮಾಸ್ತ. ಅಕ್ಕಲಕೋಟ ರಸ್ತೆಗೆ ಹತ್ತಿದ ಅವನ ಫ್ಲ್ಯಾಟಿಗೆ ಹಗಲೆಲ್ಲ ಮಗ್ಗಗಳ ಸದ್ದು ಕೇಳುತ್ತದೆ. ನೆಂಟರ ಮುಂದೆ ಅವನು ಯಾವತ್ತೂ, "ಅಕ್ಕ ಹಣ್ಣಿನ ರಸದ ಕಂಪನ್ಯಾಗ ಇದ್ಲು" ಎನ್ನುತ್ತಿದ್ದ. ಅವನ ಹೆಂಡತಿ ಕುಮುದಿನಿಯೂ ಹಾಗೆಯೇ ಹೇಳುವುದನ್ನು ಕಲಿತಿದ್ದಳು. ಯಾರೂ ಶ್ರೀಲೇಖಾಳನ್ನು ನೋಯಿಸಿದ್ದಿಲ್ಲ. ಆದರೆ ಅವಳ ಹದಿನೆಂಟು ವರ್ಷಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಯಾರೂ ಕೇಳಿದ್ದಿಲ್ಲ.

ಬಾಟಲಿಯನ್ನು ಅವಳು ಕಾಗದದಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ, ಕೊತ್ತಂಬರಿಯ ಹಿಂದೆ ಇಟ್ಟಳು. ಮೂರು ವಾರ ಹೋಯಿತು. ಆಶಿಷನ ಮೆಸೇಜು ಎರಡು ಬಂದವು.

ಮಾರ್ಚಿನ ಒಂದು ಐತವಾರ ದಾಮೋದರ, ಕುಮುದಿನಿ ಅಕ್ಕಲಕೋಟೆಗೆ ದರ್ಶನಕ್ಕೆ ಹೋದರು. ಹತ್ತರ ಹೊತ್ತಿಗೆ ಚಪಳಗಾಂವದ ಸುಗಲಾಬಾಯಿ ತುಪ್ಪದ ಡಬ್ಬಿ ಹಿಡಿದು ಬಂದಳು. ಅರವತ್ತರ ಮೇಲಿನ ಹೆಂಗಸು, ಕುರಿ ಸಾಕುವ ಮನೆಯವಳು. ಹೋದ ವರ್ಷ ಹೀಗೇ ಬಾಗಿಲಿಗೆ ಬಂದವಳು, "ಅಕ್ಕಾರ, ಒಳಗ ಗ್ಯಾಸ್ ಸೋರಾಕತ್ತೈತ್ರಿ" ಎಂದು ಕೂಗಿ, ತಾನೇ ಅಡುಗೆಮನೆಗೆ ನುಗ್ಗಿ ಸಿಲಿಂಡರ್ ಬಂದ್ ಮಾಡಿದ್ದಳು. ಒಲೆಯ ಮುಂದೆಯೇ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದ ಶ್ರೀಲೇಖಾಳಿಗೆ ಏನೂ ಗೊತ್ತಾಗಿರಲಿಲ್ಲ. ಅವಳ ಮೂಗಿನ ಸಂಗತಿ ಆವತ್ತಿನಿಂದ ಈ ಊರಲ್ಲಿ ಸುಗಲಾಬಾಯಿಯೊಬ್ಬಳಿಗೇ ಪೂರ್ತಿ ತಿಳಿದಿತ್ತು.

"ಸುಗಲಾಬಾಯಿ, ಸ್ವಲ್ಪ ಕೂಡ್ರಿ. ನಿಮ್ಮಿಂದ ಒಂದು ಕೆಲಸ ಆಗಬೇಕಾಗ್ಯದ."

ಬಾಟಲಿ ಕಂಡು ಸುಗಲಾಬಾಯಿ ಸೆರಗು ಸರಿಮಾಡಿಕೊಂಡಳು. "ದಾರೂ ಏನ್ರಿ?"

"ದ್ರಾಕ್ಷಿದು. ನಾನ ಮಾಡಿದ್ದು."

"ಇವತ್ತ ಮೈಲಾರನ ವಾರ ಐತ್ರಿ. ಬಾಯಾಗ ಹಾಕಂಗಿಲ್ಲ."

"ಕುಡಿಯೂದು ಬ್ಯಾಡ. ಮೂಸಿ ನೋಡಿ ಹೇಳ್ರಿ, ಸಾಕು."

ಸೀರೆಗಳ ನಡುವೆ ಸುತ್ತಿಟ್ಟಿದ್ದ ಒಂದೇ ಒಂದು ಉದ್ದ ಕಾಲಿನ ವೈನ್ ಗ್ಲಾಸನ್ನು ಶ್ರೀಲೇಖಾ ತೆಗೆದಳು. ಬೂಚು ಎಳೆದು ಅದರಲ್ಲಿ ಸ್ವಲ್ಪ ಸುರಿದಳು. ಬಣ್ಣ ದಾಳಿಂಬೆಯ ರಸದಂತಿತ್ತು, ಆಚೆಯ ಕಿಟಕಿಯ ಸರಳು ಗ್ಲಾಸಿನೊಳಗಿಂದ ಕಾಣುತ್ತಿತ್ತು. ಬೂಚು ಕೆಟ್ಟು ವೈನು ಹಾಳಾಗಿದ್ದರೆ ಎಂಬ ಭಯದಿಂದ ಮೊದಲು ಕೇಳಿದಳು:

"ತೊಯ್ದ ಗೋಣಿಚೀಲದ ವಾಸನಿ ಅದ ಏನು? ಬೂಸ್ಟು ಹಿಡಿದಂಗ?"

ಸುಗಲಾಬಾಯಿ ಕಣ್ಣು ಮುಚ್ಚಿ ಮೂಸಿದಳು. "ಇಲ್ಲರಿ. ಸ್ವಚ್ಛ ಐತಿ." ಮತ್ತೆ ಮೂಸಿದಳು. ಅವಸರ ಮಾಡಲಿಲ್ಲ. "ಬಾರಿಹಣ್ಣ ಬಿಸಿಲಿಗೆ ಒಣಗ್ತಾವಲ್ಲ, ಹಂಗ. ಅದರ ಹಿಂದ ಗುಲಾಬಿ ಐತಿ. ಅತ್ತರ್ ಅಲ್ಲ ಮತ್ತ. ದೇವರ ಮ್ಯಾಲಿಂದ ತಗದು ಬುಟ್ಯಾಗ ಹಾಕಿರ್ತೀವಿ, ಎರಡ ದಿನದ್ದು."

"ಇನ್ನಾ?"

"ಮಳಿ ಆಗಿ ನಿಂತ ಮ್ಯಾಲೆ ಬನ್ನಿಗಿಡದ ಬುಡಕ ಕುಂತಂಗ. ಮಣ್ಣ, ತೊಪ್ಪಲ..." ಅವಳು ಗ್ಲಾಸನ್ನು ದೂರ ಹಿಡಿದು, ಮತ್ತೆ ಹತ್ತಿರ ತಂದಳು. "ಆದರ ಅಕ್ಕಾರ, ಇದು ಪೂರಾ ಬರವಲ್ದರಿ. ಹೊಸದಾಗಿ ಈದ ಕುರಿ ಇರ್ತೈತಲ್ಲ, ಹತ್ರ ಹ್ವಾದ್ರ ಮರೀನ ಹಿಂದ ಮಾಡ್ಕೊಂಡು ನಿಂದರತೈತಿ. ಹಂಗ ಮಾಡಾಕತ್ತೈತಿ."

ಶ್ರೀಲೇಖಾ ಗ್ಲಾಸು ತೆಗೆದುಕೊಂಡು ಒಂದು ಗುಟುಕು ಬಾಯಲ್ಲಿ ಹಿಡಿದಳು. ಹಣ್ಣಿಲ್ಲ, ಹೂವಿಲ್ಲ. ನಾಲಿಗೆಯ ಅಂಚಿಗೆ ಹುಳಿ ಚುರ್ರೆಂದಿತು. ಒಗರು ಒಸಡಿನ ಮೇಲೆ ಸಣ್ಣ ಮರಳಿನಂತೆ ಕುಳಿತಿತು. ಆ ಮರಳು ಎಷ್ಟು ನುಣುಪೆಂದು ಅವಳಿಗೆ ತಿಳಿಯಿತು. ಹಳೆಯ ಬಳ್ಳಿ ಮೋಸ ಮಾಡಿರಲಿಲ್ಲ. ಸುಗಲಾಬಾಯಿ ಹೇಳಿದ್ದೂ ನಿಜ, ಅದು ಇನ್ನೂ ಬಿಚ್ಚಿಕೊಂಡಿರಲಿಲ್ಲ.

"ಛಲೋ ಅದ," ಎಂದಳು. ಗ್ಲಾಸನ್ನು ಒಮ್ಮೆ ಮೂಗಿಗೆ ಹಿಡಿದು ಕೆಳಗಿಟ್ಟಳು.

"ನಿಮಗ ಏನೂ ಬರವಲ್ದೇನ್ರಿ?"

"ಏನೂ ಇಲ್ಲ."

ಸುಗಲಾಬಾಯಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ಕುಳಿತಳು. ಆಮೇಲೆ ಹನ್ನೆರಡರ ಬಸ್ಸಿದೆ ಎಂದು ಡಬ್ಬಿ ಎತ್ತಿಕೊಂಡು ಹೋದಳು.

ಶ್ರೀಲೇಖಾ ಆಶಿಷನಿಗೆ ಫೋನು ಮಾಡಿದಳು. ಇನ್ನೊಂದು ವರ್ಷ ತಡೆಯಿರಿ ಎಂದಳು. ಅವನು ಖುಷಿಯಿಂದ, ನೀವು ಹೇಳಿದರೆ ಮುಗಿಯಿತು, ಅಂಥ ಮೂಗು ಇನ್ನೊಬ್ಬರಿಗಿಲ್ಲ ಎಂದ. ಅಷ್ಟಕ್ಕೆ ಫೋನಿಟ್ಟಿದ್ದರೆ ಆಗುತ್ತಿತ್ತು. ಆದರೆ ಸುಗಲಾಬಾಯಿಯ ಮಾತನ್ನು ತನ್ನದೆಂದು ಒಪ್ಪಿಸಿ ಕೂರುವುದು ಅವಳಿಂದಾಗಲಿಲ್ಲ. ಮೂಸಿದ್ದು ತಾನಲ್ಲ, ಕುರಿ ಕಾಯುವ ಒಬ್ಬ ಹೆಂಗಸು ಎಂದಳು. ತನಗೆ ನಾಲ್ಕು ವರ್ಷದಿಂದ ವಾಸನೆಯೇ ಇಲ್ಲ ಎಂದೂ ಹೇಳಿಬಿಟ್ಟಳು.

ಆಶಿಷ, ಸಾರಿ ಮೇಡಂ, ನಮಗೆ ಗೊತ್ತಿರಲಿಲ್ಲ ಎಂದ. ದನಿ ಮೆತ್ತಗಾಗಿತ್ತು, ಕಾಯಿಲೆಯವರ ಹತ್ತಿರ ಆಡುವ ದನಿ. ಹೊಸಬ ಒಬ್ಬ ಬಂದಿದ್ದಾನೆ, ಅವನಿಗೂ ಒಮ್ಮೆ ತೋರಿಸುತ್ತೇವೆ ಎಂದ. ಆರೋಗ್ಯ ನೋಡಿಕೊಳ್ಳಿ ಎಂದ. ಇನ್ನು ಈ ನಂಬರಿನಿಂದ ಯಾವ ಪ್ರಶ್ನೆಯೂ ಬರುವುದಿಲ್ಲವೆಂದು ಅವಳಿಗೆ ಆಗಲೇ ಗೊತ್ತಾಯಿತು. ಗ್ಲಾಸು ತೊಳೆದಳು. ಬಾಟಲಿಗೆ ಬೂಚು ಒತ್ತಿ ಮತ್ತೆ ಫ್ರಿಜ್ಜಿನಲ್ಲಿಟ್ಟಳು. ಟೇಬಲ್ಲಿನ ಮೇಲೆ ಚೆಲ್ಲಿದ್ದ ವೈನು ಒರೆಸಿ, ಒರೆಸಿದ ಬಟ್ಟೆಯನ್ನು ಹಿಂಡಿ ಒಳಗೇ ಒಣಹಾಕಿದಳು.

ಐದು ಗಂಟೆಗೆ ಬಾಗಿಲು ತೆರೆದ ಕುಮುದಿನಿ ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿ ಪ್ರಸಾದದ ಪೊಟ್ಟಣ.

"ಅಕ್ಕಾ, ಮನಿ ತುಂಬ ಏನೋ ವಾಸನಿ ಬರ್ಲಿಕತ್ತದಲ್ಲ!"

ಶ್ರೀಲೇಖಾ ಎದ್ದು ನಿಂತಳು. ವಾಸನೆ ಉಳಿದೀತೆಂದು ಒರೆಸುವಾಗ ಹೊಳೆದಿರಲಿಲ್ಲ. "ನಾನ ಬಾಟ್ಲಿ ತಗದಿದ್ದೆ. ಅಲ್ಲಿಂದು."

ದಾಮೋದರ ಒಳಗೆ ಬಂದ. ಅಕ್ಕನ ಮುಖ ನೋಡಿದ. ಬೈಯಲಿಲ್ಲ. "ಮ್ಯಾಲಿನ ಮನಿಯವ್ರು ಬಂದ್ರ ಏನಂತಾರ" ಎಂದಷ್ಟೇ ಗೊಣಗಿ, ಕಿಟಕಿಗಳನ್ನು ಒಂದೊಂದಾಗಿ ತೆರೆದು ಫ್ಯಾನು ಪೂರ್ತಿ ಜೋರು ಮಾಡಿ ಕೈಕಾಲು ತೊಳೆಯಲು ಹೋದ.

"ಕುಮುದಿನಿ, ಹೆಂಗದ ಅದು? ವಾಸನಿ?"

"ಹೆಂಗಂದ್ರ?" ಕುಮುದಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ದಾರೂದ್ದು ಹೆಂಗಿರ್ತದೋ ಹಂಗ."

ಅವಳು ಅಡುಗೆಮನೆಗೆ ಹೋದಳು. ಮಗ್ಗಗಳ ಸದ್ದು ಕಿಟಕಿಯಿಂದ ಒಳಗೆ ಬಂತು. ಶ್ರೀಲೇಖಾ ಕುರ್ಚಿಯಲ್ಲಿ ಕುಳಿತು ಪರದೆಗಳು ಹೊರಕ್ಕೆ ಹಾರುವುದನ್ನು ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಕೂಗಿ ಕೇಳಿದಳು:

"ಈಗ ಹೋತೇನು?"

"ಇನ್ನಾ ಸ್ವಲ್ಪ ಅದ," ಎಂದಳು ಕುಮುದಿನಿ.

ಶ್ರೀಲೇಖಾ ಎದ್ದು, ತನ್ನ ಪಕ್ಕದ ಕಿಟಕಿಯೊಂದನ್ನು ಸದ್ದಾಗದಂತೆ ಮುಚ್ಚಿದಳು.